ಅನ್ನವ್ವನ ರೂಪಾಯಿ

"ಆ ಹಗೇವಿನ ಬಾಯಿ ತಗೀಬ್ಯಾಡ್ರಿ ಸಾಹೇಬ್ರ," ಅಂದಳು ಮಲ್ಲಕ್ಕ. "ಅದರಾಗ ಜ್ವಾಳ ಇಲ್ಲ. ನಮ್ಮ ದೊಡ್ಡವ್ವನ ಹೊಟ್ಟಿಕಿಚ್ಚು ಐತಿ."

ಅಂದಾನೆಪ್ಪ ನಕ್ಕುಬಿಟ್ಟ. ಕುಬಿಹಾಳದ ಆ ಹಳೆಯ ಮನೆಯ ಕಟ್ಟೆಯ ಮೇಲೆ ಕೂತು, ಎಮ್ಮೆಯ ಹೆರಿಗೆ ಮಾಡಿಸಿದ ಕೈಗಳನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಳ್ಳುತ್ತಿದ್ದ. ಎದುರಿಗೆ ಅಂಗಳದ ನಡುವೆ ಒಂದು ಚಪ್ಪಡಿಕಲ್ಲು, ಅದರ ಸುತ್ತ ಮಣ್ಣು ಮೆತ್ತಿ ಬಿಗಿ ಮಾಡಿದ್ದರು. ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಕಣಜ ಅದು. ಊರಲ್ಲಿ ಉಳಿದ ಹಗೇವುಗಳೆಲ್ಲ ಸುಗ್ಗಿಗೆ ತುಂಬಿ ಮಳೆಗಾಲಕ್ಕೆ ಬರಿದಾಗುತ್ತಿದ್ದವು. ಇದೊಂದರ ಬಾಯಿ ಮಾತ್ರ ಎಷ್ಟೋ ವರ್ಷಗಳಿಂದ ಮುಚ್ಚಿಕೊಂಡೇ ಇತ್ತು.

"ನಾ ದನದ ಡಾಕ್ಟರ್ ಬೇ ಯವ್ವಾ," ಅಂದ ಅವನು. "ಹೊಟ್ಟಿ ಉಬ್ಬರಕ್ಕ ಔಷಧ ಕೊಡತೀನಿ. ಹೊಟ್ಟಿಕಿಚ್ಚಿಗೆ ನಮ್ಮ ದವಾಖಾನ್ಯಾಗ ಔಷಧಿಲ್ಲ."

ಮಲ್ಲಕ್ಕ ನಗಲಿಲ್ಲ.

ತಪ್ಪು ಅವಳದೇ ಆಗಿತ್ತು. ಎಂಬತ್ತನಾಲ್ಕರ ಬೇಸಿಗೆಯಲ್ಲಿ ವಿಜಾಪುರದ ಕಡೆಯಿಂದ ಸಂಶಿಯ ದನದ ದವಾಖಾನೆಗೆ ಬಂದ ಈ ಡಾಕ್ಟರಿಗೆ ಹಳೆಯ ನಾಣ್ಯಗಳ ಹುಚ್ಚು ಇದೆ ಅಂತ ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಾಗಿತ್ತು. ಎಮ್ಮೆ ಬದುಕಿದ ಸಂತೋಷಕ್ಕೆ ಅವಳೇ ಬಾಯಿಬಿಟ್ಟಿದ್ದಳು: ನಮ್ಮ ಮನೆಯಲ್ಲೂ ಒಂದು ಬೆಳ್ಳಿ ರೂಪಾಯಿ ಇದೆ, ಆದರೆ ಕೊಡುವಂಥದ್ದಲ್ಲ. ಅಷ್ಟು ಸಾಕಾಗಿತ್ತು. ಅವನು ಕೆದಕಿ ಕೆದಕಿ ಕೇಳಿದ. ಅವಳು ಸೆರಗನ್ನು ಬಾಯಿಗೆ ಹಿಡಿದು, ದನಿ ಇಳಿಸಿ ಹೇಳಿದಳು.

ಅವಳ ತಾಯಿಯ ಅಕ್ಕ ಅನ್ನವ್ವ ಈ ಮನೆಯ ಸೊಸೆ. ಗಂಡ ಅರಳೆ ವ್ಯಾಪಾರಕ್ಕೆ ಮುಂಬೈಗೆ ಹೋಗಿಬರುತ್ತಿದ್ದವನು. ಅನ್ನವ್ವನಿಗೆ ಒಬ್ಬ ಮಗನಿದ್ದರೂ ಇನ್ನೊಂದು ಮದುವೆ ಮಾಡಿಕೊಂಡ. ಒಮ್ಮೆ ಮುಂಬೈಯಿಂದ ಬರುವಾಗ ಆಗಷ್ಟೇ ಟಂಕಸಾಲೆಯಿಂದ ಹೊರಬಿದ್ದ, ಯಾರ ಕೈಯೂ ಹತ್ತದ ಒಂದು ಹೊಸ ರೂಪಾಯಿ ತಂದು, ದೊಡ್ಡವಳ ಕಣ್ಣೆದುರಿಗೇ ಸಣ್ಣವಳ ಉಡಿಯಲ್ಲಿ ಹಾಕಿದ. ಅನ್ನವ್ವ ಅದನ್ನು ಪೆಟ್ಟಿಗೆಯಿಂದ ಕದ್ದು, ಹೊಳೆಯಾಚೆಯಿಂದ ಬಂದ ಒಬ್ಬ ಮಾಟಗಾರನ ಕೈಗೆ ಕೊಟ್ಟು, ಮಾಟ ಮಾಡಿಸಿ ಈ ಹಗೇವಿನಲ್ಲಿ ಇಟ್ಟಳು.

"ಈ ಮನ್ಯಾಗ ನಾ ಒಬ್ಬಾಕೀನ ಇರಬೇಕು ಅಂದ್ಲಂತ ಅಕಿ," ಅಂದಳು ಮಲ್ಲಕ್ಕ. "ಮೊದಲ ಸವತಿ ಮೈ ಕೆಂಡ ಆತು. ಆಮ್ಯಾಲ ಸವತೀ ಕೂಸು. ಆಮ್ಯಾಲ ಗಂಡ. ಕಡೀಕ ಅಕೀ ಹೊಟ್ಟ್ಯಾಗ ಹುಟ್ಟಿದ ಮಗ. ಎಲ್ಲಾರೂ ಸುಡೂ ಜ್ವರದಾಗ ಹ್ವಾದ್ರು. ಅಕಿ ಒಬ್ಬಾಕೀನ ಉಳದ್ಲು. ಮಾಟ ಸುಳ್ಳಾಗಲಿಲ್ರಿ. ಅದನ್ನ ಹಿಡದವರ ಹೊಟ್ಟಿ ಯಾರ ಮ್ಯಾಲ ಉರೀತೈತೋ ಅವರನ್ನ ಮೊದಲ ಸುಡತೈತಿ. ಆಮ್ಯಾಲ ಹಿಡದವರ ಮಂದೀನ. ಹಿಡದವರನ್ನ ಅಷ್ಟ ಬಿಡತೈತಿ."

ಅಂದಾನೆಪ್ಪನ ಕಿವಿಗೆ ಅದಾವುದೂ ಬಿದ್ದಿರಲಿಲ್ಲ. ಅವನು ಒಂದೇ ಮಾತು ಕೇಳಿದ.

"ಯಾವ ವರ್ಷ ತಂದಿದ್ದರು ಆ ರೂಪಾಯಿ?"

"ಜರ್ಮನ್ ಯುದ್ಧ ಸುರು ಆದ ವರ್ಷ ಅಂತ ನಮ್ಮವ್ವ ಹೇಳತಿದ್ಲು."

ಅವನ ಕೈಯಿಂದ ಸೋಪು ಜಾರಿ ಕಟ್ಟೆಯ ಕೆಳಗೆ ಬಿತ್ತು.

ಯುದ್ಧ ಶುರುವಾದ ವರ್ಷ ಅಂದರೆ ಸಾವಿರದ ಒಂಬೈನೂರಾ ಮೂವತ್ತೊಂಬತ್ತು. ಆ ವರ್ಷದ ಬೆಳ್ಳಿ ರೂಪಾಯಿ ಈ ಸೀಮೆಯಲ್ಲಿ ಒಬ್ಬನ ಬಳಿ ಮಾತ್ರ ಇತ್ತು. ಸಂಶಿಯ ಮೆಣಸಿನಕಾಯಿ ವ್ಯಾಪಾರಿ ಇಮಾಮುದ್ದೀನನ ಬಳಿ.

ಅಂದಾನೆಪ್ಪ ಹರೆಯದಿಂದ ಕೂಡಿಸಿದ ನಾಣ್ಯಗಳು ಒಂದು ಕಬ್ಬಿಣದ ಪೆಟ್ಟಿಗೆ ತುಂಬ ಇದ್ದವು. ಆದಿಲಶಾಹಿಯ ತಾಮ್ರದ ಬಿಲ್ಲೆಗಳು, ವಿಜಯನಗರದ ಸಣ್ಣ ಚಿನ್ನದ ಹಣ, ರಾಣಿಯ ತಲೆಯ ರೂಪಾಯಿಗಳು. ಅವಕ್ಕಾಗಿ ಬಿಸಿಲಲ್ಲಿ ಅಲೆದಿದ್ದ, ಮುದುಕಿಯರ ಕಾಲು ಹಿಡಿದಿದ್ದ. ಆದರೆ ಭಾನುವಾರ ಹುಬ್ಬಳ್ಳಿಯ ಲಾಡ್ಜಿನ ಕೋಣೆಯಲ್ಲಿ ನಾಣ್ಯದ ಹುಚ್ಚಿನವರೆಲ್ಲ ಸೇರಿದಾಗ ಅವನ ಪೆಟ್ಟಿಗೆಯ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರೂ ಇಮಾಮುದ್ದೀನನ ಅಂಗೈಯ ಮೇಲೆ ಬಾಗಿರುತ್ತಿದ್ದರು. ಅಪ್ಪನ ಗಲ್ಲಾಪೆಟ್ಟಿಗೆಯಲ್ಲಿ ಸಿಕ್ಕ ರೂಪಾಯಿ ಅವನದು. ಒಂದು ಹೆಜ್ಜೆ ಕೂಡ ಅದಕ್ಕಾಗಿ ನಡೆದವನಲ್ಲ.

"ಹಳೇದಂದ್ರ ಕಿಮ್ಮತ್ತು ಅಂತ ಮಂದಿ ತಿಳೀತಾರ," ಅನ್ನುತ್ತಿದ್ದ ಇಮಾಮುದ್ದೀನ, ಹೊಸಬರು ಕೇಳಿದಾಗಲೆಲ್ಲ. "ಸಾವಿರ ವರ್ಷದ ತಾಮ್ರದ ಬಿಲ್ಲಿ ಬೊಗಸಿಗಟ್ಟಲೆ ಸಿಗತಾವ. ಇದು ನನಗಿಂತ ವಯಸ್ಸಿಲೆ ಸಣ್ಣದು. ಆದ್ರ ಯುದ್ಧ ಬಂತು, ಬೆಳ್ಳಿ ಆಕಾಶಕ್ಕ ಏರಿತು, ಬಡದಿಟ್ಟ ರೂಪಾಯಿ ಬೆರಳೆಣಿಕಿಯಷ್ಟು ಬಿಟ್ರ ಹೊರಗ ಬಿಡಲಿಲ್ಲ. ಒಯ್ದು ಒಲಿಗೆ ಹಾಕಿದ್ರು. ಇದರ ಅಣ್ಣತಮ್ಮಂದಿರೆಲ್ಲಾ ಕರಗಿ ಹೋಗ್ಯಾರ. ಅದಕ್ಕ ಇದಕ್ಕ ಇಷ್ಟು ಮರ್ಯಾದಿ."

ಆ ಮಾತು ಕೇಳಿದಾಗಲೆಲ್ಲ ಅಂದಾನೆಪ್ಪನ ಎದೆಗುಂಡಿಗೆಯ ಕೆಳಗೆ ಏನೋ ಹುಳಿ ಉಕ್ಕಿ ಗಂಟಲಿಗೆ ಬರುತ್ತಿತ್ತು. ಇಮಾಮುದ್ದೀನ ಒಳ್ಳೆಯವನು. ಈ ಊರಿಗೆ ಬಂದ ಮೊದಲ ದಿನ ಮನೆ ಹುಡುಕಿಕೊಟ್ಟವನು. ಅವನ ಹೆಂಡತಿ ರಾಜಮಾಬಿ ಹಬ್ಬಕ್ಕೆ ಅಂದಾನೆಪ್ಪನ ಹೆಂಡತಿ ಸುಶೀಲವ್ವನಿಗೆ ಬಳೆ ಇಡಿಸಿದವಳು. ಅದರಿಂದ ಹುಳಿ ಇನ್ನಷ್ಟು ಹೆಚ್ಚುತ್ತಿತ್ತು. ಕೆಟ್ಟವನಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮಲ್ಲಕ್ಕ ಕುಂದಗೋಳದ ಸಂತೆಗೆ ಹೋದ ದಿನ ಅಂದಾನೆಪ್ಪ ಕುಬಿಹಾಳಕ್ಕೆ ಬಂದ. ಊರಿನ ಕೂಲಿಯಾಳು ಗುಡದಪ್ಪನನ್ನು ಒಪ್ಪಿಸಿ ಚಪ್ಪಡಿ ಸರಿಸಿದ. ಗುಡದಪ್ಪ ಕಲ್ಲು ಎಬ್ಬಿಸಿದನೇ ಹೊರತು ಒಳಗೆ ಇಣುಕಲಿಲ್ಲ. ಮುಖ ಆಚೆ ತಿರುಗಿಸಿ ಹಗ್ಗ ಹಿಡಿದು ನಿಂತ. ಮೊದಲು ಕಂದೀಲು ಇಳಿಬಿಟ್ಟರು. ಹಗೇವಿನಲ್ಲಿ ಕೆಟ್ಟ ಗಾಳಿ ಇದ್ದರೆ ದೀಪ ಆರುತ್ತದೆ, ಇಳಿದವನೂ ಆರುತ್ತಾನೆ. ದೀಪ ಆರಲಿಲ್ಲ.

ಮೇಲೆ ನೆತ್ತಿ ಸುಡುವ ಮಧ್ಯಾಹ್ನ. ಒಳಗೆ ಒಂದಾಳುದ್ದ ಇಳಿಯುವಷ್ಟರಲ್ಲಿ ಕತ್ತಲು ಮೈಗೆ ಮೆತ್ತಿಕೊಂಡಿತು. ಇಕ್ಕಟ್ಟಾದ ಕೊರಳು ದಾಟಿದ ಮೇಲೆ ಹಗೇವು ಗಡಿಗೆಯ ಹೊಟ್ಟೆಯ ಹಾಗೆ ಅಗಲವಾಗಿ ತೆರೆದುಕೊಂಡಿತ್ತು. ಗೋಡೆಗೆ ಹಚ್ಚಿದ ಹುಲ್ಲು ಕಪ್ಪಾಗಿ ಕೊಳೆತು ಜೋತಾಡುತ್ತಿತ್ತು. ಮುಗ್ಗಿದ ಜೋಳದ ಹುಳಿ ವಾಸನೆ. ಅದರ ಅಡಿಯಲ್ಲಿ ಇನ್ನೊಂದು ವಾಸನೆ, ಕೂದಲು ಸುಟ್ಟಂತೆ. ಅವನು ಉಸಿರು ಬಿಟ್ಟರೆ ಅದೇ ಉಸಿರು ಗೋಡೆಗೆ ತಾಗಿ, ಸ್ವಲ್ಪ ತಡೆದು, ಇನ್ನಾರದೋ ಎಂಬಂತೆ ಮರಳಿ ಬರುತ್ತಿತ್ತು.

ನಡುವೆ ಒಂದು ಕುಡಿಕೆ. ಬಾಯಿಗೆ ಕರಿಯ ಅರಿವೆ. ಬಿಚ್ಚಿದರೆ ಗಂಟು ಹಾಕಿದ ಉದ್ದ ಕೂದಲು, ಅದಕ್ಕೆ ಚುಚ್ಚಿದ ತುಕ್ಕುಹಿಡಿದ ಸೂಜಿಗಳು, ಒಣಗಿ ಕಲ್ಲಾದ ನಿಂಬೆಹಣ್ಣುಗಳು. ಅವುಗಳ ಅಡಿಯಲ್ಲಿ ರೂಪಾಯಿ. ಅವನು ಕಂದೀಲಿಗೆ ಹಿಡಿದು ಇಸವಿ ಓದಿದ. ಕಣ್ಣು ಒರೆಸಿಕೊಂಡು ಇನ್ನೊಮ್ಮೆ ಓದಿದ. ದೊರೆಯ ಕಿರೀಟದ ಒಂದು ಗೆರೆಯೂ ಸವೆದಿರಲಿಲ್ಲ. ಇಮಾಮುದ್ದೀನನ ರೂಪಾಯಿ ಇದರ ಮುಂದೆ ಮಂಕು.

ನಾಣ್ಯ ಬೆಚ್ಚಗಿತ್ತು. ಯಾರೋ ಈಗಷ್ಟೇ ಮುಷ್ಟಿಯಿಂದ ಬಿಟ್ಟ ಹಾಗೆ.

"ಒಬ್ಬಾಕೀನ," ಅಂದಿತು ಒಂದು ದನಿ, ಕಿವಿಯ ಹತ್ತಿರ.

ಅವನು ತಲೆ ಎತ್ತಿದ. "ಏನಂದಿ ಗುಡದಪ್ಪ?"

"ನಾ ಏನೂ ಅಂದಿಲ್ರಿ," ಅಂದ ಮೇಲಿನವನು. "ಲಗೂನ ಮ್ಯಾಲ ಬರ್ರಿ."

ಹೊರಗೆ ಬಂದಾಗ ಮಲ್ಲಕ್ಕ ಸಂತೆಯ ಚೀಲ ಹಿಡಿದು ಅಂಗಳದಲ್ಲಿ ನಿಂತಿದ್ದಳು. ಅವನು ಬೇಕಾದರೆ ಏನಾದರೂ ಕೊಡುತ್ತೇನೆ ಅಂದ. ಅವಳು ಬೈಯಲಿಲ್ಲ, ಅಳಲಿಲ್ಲ.

"ನಿಮಗ ಯಾರ್ಯಾರು ಅದಾರ್ರಿ?" ಅಂತ ಕೇಳಿದಳು.

"ನಮ್ಮಾಕಿ. ಅಣ್ಣಿಗೇರ್ಯಾಗ ಒಬ್ಬ ತಮ್ಮ. ಯಾಕ?"

ಮಲ್ಲಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನು ಮನೆಗೂ ಹೋಗದೆ ನೇರ ಇಮಾಮುದ್ದೀನನ ಅಂಗಡಿಗೆ ಹೋದ. ದಾರಿಯುದ್ದಕ್ಕೂ ಒಂದೇ ಚಿತ್ರ ಕಣ್ಣ ಮುಂದಿತ್ತು: ಈ ನಾಣ್ಯ ನೋಡಿದ ಕೂಡಲೇ ಇಮಾಮುದ್ದೀನನ ಮುಖ ಕಪ್ಪಿಡುವುದು. ಆ ಒಂದು ಗಳಿಗೆಗಾಗಿ ಅವನು ಎಷ್ಟೋ ಭಾನುವಾರ ನುಂಗಿಕೊಂಡಿದ್ದ.

ಇಮಾಮುದ್ದೀನನ ಮುಖ ಅರಳಿತು.

"ಸುಭಾನಲ್ಲಾ," ಅಂದ. ಎದ್ದು ಒಳಗೆ ಹೋಗಿ ತನ್ನ ರೂಪಾಯಿ ತಂದು ಅದರ ಪಕ್ಕ ಇಟ್ಟ. "ನೋಡ್ರಿ ಡಾಕ್ಟರ್ ಸಾಹೇಬ್ರ, ಕಳದುಹೋದ ತಮ್ಮ ಸಿಕ್ಕಂಗಾತು. ನಿಮ್ಮದು ನನ್ನದಕ್ಕಿಂತ ಚಲೋ ಐತಿ. ಖರೇ ಹೇಳತೀನಿ, ಅಗದಿ ಚಲೋ ಐತಿ. ರಾಜಮಾ, ಚಾ ತಗೊಂಡು ಬಾ. ಇವತ್ತ ಖುಷಿ ದಿನ."

ಅಂದಾನೆಪ್ಪ ಚಹದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಹಲಗೆಯ ಮೇಲೆ ಎರಡು ರೂಪಾಯಿ ಒಂದರ ಪಕ್ಕ ಒಂದು ಹೊಳೆಯುತ್ತಿದ್ದವು. ಎರಡು. ಒಂದೇ ಊರಲ್ಲಿ ಎರಡು. ಇನ್ನು ಹುಬ್ಬಳ್ಳಿಯಲ್ಲಿ ಯಾರು ಕೇಳಿದರೂ ಇಮಾಮುದ್ದೀನನದೂ ಇದೆ, ಡಾಕ್ಟರದೂ ಇದೆ ಅನ್ನುತ್ತಾರೆ. ಇವನದೊಂದು ಇಲ್ಲದಿದ್ದರೆ. ಹಾಗೆ ಅಂದುಕೊಳ್ಳುತ್ತಿದ್ದಂತೆ ಕೈಗೆತ್ತಿಕೊಂಡ ನಾಣ್ಯ ಚುರ್ ಅಂತು. ಅವನು ಬೆರಳು ಸಡಿಲಿಸಲಿಲ್ಲ.

"ಮನ್ಯಾಗ ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ," ಅಂದಳು ಸುಶೀಲವ್ವ ಅವತ್ತು. ಒಲೆ ನೋಡಿದಳು, ದೇವರ ಮುಂದಿನ ದೀಪ ನೋಡಿದಳು. ಎಲ್ಲೂ ಏನೂ ಸುಟ್ಟಿರಲಿಲ್ಲ.

ಮರುದಿನ ಹೊತ್ತು ಮುಳುಗುವ ಮುಂಚೆ ಇಮಾಮುದ್ದೀನನ ಮೆಣಸಿನಕಾಯಿ ಗೋದಾಮಿಗೆ ಬೆಂಕಿ ಬಿತ್ತು.

ಸಂಶಿಯಲ್ಲಿ ಆ ಸಂಜೆ ಉಸಿರಾಡಿದವರು ಅದನ್ನು ಮರೆಯಲಾರರು. ಕೆಂಪು ಹೊಗೆ ಬೀದಿ ಬೀದಿ ತುಂಬಿತು. ಕಣ್ಣು, ಮೂಗು, ಗಂಟಲು ಎಲ್ಲ ಉರಿ. ಕೂಸುಗಳು ಕೆಮ್ಮಿ ಕೆಮ್ಮಿ ನೀಲಿಗಟ್ಟಿದವು. ಗೂಟ ಕಿತ್ತುಕೊಂಡು ದನಗಳು ಹೊಲದ ಕಡೆ ಓಡಿದವು. ನೀರು ಹಾಕಲು ಹತ್ತಿರ ಹೋದವರು ಹೊಟ್ಟೆ ಹಿಡಿದು ಕೂತುಬಿಟ್ಟರು. ಗೋದಾಮಿನ ಒಳಕೋಣೆಯ ತಿಜೋರಿಯಲ್ಲಿ ರೂಪಾಯಿ ಇತ್ತು. ಇಮಾಮುದ್ದೀನ ಒದ್ದೆ ಗೋಣಿಚೀಲ ಹೊದ್ದು ಒಳಗೆ ನುಗ್ಗಿದ. ಹೊರಗೆ ಎಳೆದು ತಂದಾಗ ಎರಡೂ ಅಂಗೈ ಸುಲಿದಿದ್ದವು. ಒಂದರಲ್ಲಿ ಬೆಳ್ಳಿಯ ಒಂದು ಉಂಡೆ ಚರ್ಮಕ್ಕೆ ಅಂಟಿಕೊಂಡಿತ್ತು. ದೊರೆಯೂ ಇಲ್ಲ, ಇಸವಿಯೂ ಇಲ್ಲ.

ಬೀದಿಯಲ್ಲಿ ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಅಂದಾನೆಪ್ಪನ ಕಣ್ಣಲ್ಲೂ. ಹಾಗಾಗಿ ಅವನ ತುಟಿ ಅರಳಿದ್ದನ್ನು ಯಾರೂ ನೋಡಲಿಲ್ಲ.

ವಾರ ತುಂಬುವುದರೊಳಗೆ ಅಣ್ಣಿಗೇರಿಯ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ತಮ್ಮ ಮಡಿವಾಳೆಪ್ಪನಿಗೆ ವಿಪರೀತ ಜ್ವರ. ಹೋಗುವಷ್ಟರಲ್ಲಿ ಮುಗಿದಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದ ತಮ್ಮನ ಹಣೆಗೆ ವಿಭೂತಿ ಹಚ್ಚಲು ಅಂದಾನೆಪ್ಪ ಕೈ ಚಾಚಿದ. ಮುಟ್ಟಿದವನು ಹೌಹಾರಿ ಹಿಂದೆಗೆದ. ಸತ್ತು ಅರ್ಧ ದಿನವಾದರೂ ಹಣೆ ಕಾದ ಹಂಚಿನಂತಿತ್ತು.

ಆಗಲೂ ಅವನು ನಂಬಲಿಲ್ಲ. ಯಾವುದೋ ಸೋಂಕು ಅಂದ. ನೀರು ಕೆಟ್ಟಿರಬೇಕು ಅಂದ. ಮನೆಗೆ ಬಂದರೆ ಸುಶೀಲವ್ವ ನಡುಮನೆಯಲ್ಲಿ ಬರಿ ನೆಲದ ಮೇಲೆ ಮಲಗಿದ್ದಳು.

"ಹಾಸಿಗಿ ಸುಡತೈತ್ರಿ," ಅಂದಳು. "ಸೀರಿ ಸುಡತೈತಿ. ನೀವು ಹತ್ರ ಬರಬ್ಯಾಡ್ರಿ. ನೀವು ಬಂದ್ರ ಭಾಳ ಸುಡತೈತಿ."

ಹಣೆಯ ಮೇಲೆ ಹಾಕಿದ ಒದ್ದೆ ಬಟ್ಟೆಯಿಂದ ಆವಿ ಏಳುತ್ತಿತ್ತು. ಕುಂದಗೋಳದಿಂದ ಬಂದ ಡಾಕ್ಟರ್ ಸೂಜಿ ಹಾಕಿ, ಜ್ವರ ಅಳೆದು, ತಲೆ ಅಲ್ಲಾಡಿಸಿದ. ಗಂಡನ ಕೈಗೆ ಸುಟ್ಟ ಗಾಯವಿದ್ದರೂ ರಾಜಮಾಬಿ ಬಂದು ಅವಳ ಕಾಲ ಬಳಿ ಕೂತಳು.

ಅಂದಾನೆಪ್ಪ ಮೋಟರ್‌ಸೈಕಲ್ಲು ಹತ್ತಿ ಕುಬಿಹಾಳಕ್ಕೆ ಓಡಿದ.

ಮಲ್ಲಕ್ಕ ಅವನನ್ನು ಕಂಡ ಕೂಡಲೇ ಎಲ್ಲ ತಿಳಿದುಕೊಂಡಳು.

"ಯಾರು ಉಳದಾರ?"

"ನಮ್ಮಾಕಿ ಒಬ್ಬಾಕಿ. ಅಕೀನೂ..." ಅವನು ಕಿಸೆಯಿಂದ ರೂಪಾಯಿ ತೆಗೆದು ಮುಂದೆ ಹಿಡಿದ. "ಏನ ಮಾಡಬೇಕು ಹೇಳು ಯವ್ವಾ."

"ನಿಮ್ಮ ಕೈಲೇ ತಗದೀರಿ, ನಿಮ್ಮ ಕೈಲೇ ಇಡಬೇಕು. ಇಟ್ಟು, ಇದು ಇನ್ನ ಯಾರದರ ಆಗಲಿ, ಅವರು ಸುಖವಾಗಿರಲಿ ಅನ್ನಬೇಕು. ಬಾಯಿಲೆ ಅಂದ್ರ ನಡಿಯಾಂಗಿಲ್ಲ. ಹೊಟ್ಟಿಯಿಂದ ಅನ್ನಬೇಕು." ಅವಳು ಹಗೇವಿನ ಕಡೆ ನೋಡಿದಳು. "ನಮ್ಮ ದೊಡ್ಡವ್ವ ಸಾಯೂತನಕ ದಿನಾ ಇಳದು ಅಂತಿದ್ಲು. ಅಕಿಗೆ ಆಗಲಿಲ್ಲ."

ಗುಡದಪ್ಪ ಬರಲು ಒಪ್ಪಲಿಲ್ಲ. ಮಲ್ಲಕ್ಕನೇ ಹಗ್ಗವನ್ನು ಕಂಬಕ್ಕೆ ಕಟ್ಟಿದಳು. ಹೊತ್ತು ಇಳಿಯುತ್ತಿತ್ತು. ಅವನು ಕಂದೀಲು ಹಿಡಿದು ಇಳಿದ.

ಅದೇ ಮುಗ್ಗು. ಅದೇ ಕಮಟು. ಈ ಸಲ ಕತ್ತಲು ಬಿಸಿಯಾಗಿತ್ತು. ಅವನು ಕುಡಿಕೆಯ ಮೇಲೆ ಕೈ ಚಾಚಿ ಮುಷ್ಟಿ ಬಿಚ್ಚಿದ.

"ಇದು ಯಾರದರ ಆಗಲಿ. ಅವರು ಸುಖವಾಗಿರಲಿ."

ನಾಣ್ಯ ಬೀಳಲಿಲ್ಲ. ಅಂಗೈಗೆ ಅಂಟಿಕೊಂಡಿತ್ತು. ಅವನು ಕೈ ಜಾಡಿಸಿದ. ಅಂಗೈ ತಿರುಗಿಸಿ ಗೋಡೆಗೆ ಉಜ್ಜಿದ. ಇನ್ನೊಮ್ಮೆ ಅಂದ, ಜೋರಾಗಿ ಅಂದ. ಗೋಡೆಯ ಕೊಳೆತ ಹುಲ್ಲು ಸರಸರ ಅಂತು. ಯಾರೋ ಹೆಂಗಸು ಹಲ್ಲುಕಚ್ಚಿ ನಕ್ಕಂತಿತ್ತು.

ಅವನು ಮೊಣಕಾಲೂರಿ ಕೂತುಬಿಟ್ಟ. ಆಗ ಸುಶೀಲವ್ವ ನೆನಪಾದಳು. ಮದುವೆಯಾದ ಹೊಸದರಲ್ಲಿ ಅವಳು ಗಂಡನಿಗೆ ಖುಷಿಯಾಗಲಿ ಅಂತ ಅವನ ಪೆಟ್ಟಿಗೆಯ ನಾಣ್ಯಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ತಿಕ್ಕಿದ ನಾಣ್ಯಕ್ಕೆ ಬೆಲೆ ಇಲ್ಲ. ಅವನು ಕೈ ಎತ್ತಿದ್ದ. ಅವಳು ಕಪ್ಪಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ನನಗ ಗೊತ್ತಾಗಲಿಲ್ರಿ, ಅಂದಿದ್ದಳು. ಆಮೇಲೆ ಅವಳು ಆ ಪೆಟ್ಟಿಗೆ ಮುಟ್ಟಿರಲಿಲ್ಲ. ಅದರ ಮೇಲಿನ ಧೂಳನ್ನು ಸಹ ದೂರದಿಂದ ಊದುತ್ತಿದ್ದಳು.

ಅಂದಾನೆಪ್ಪನಿಗೆ ದುಃಖ ಒತ್ತರಿಸಿ ಬಂತು. ಇದರಿಂದ ನನಗೆ ಏನು ಬಂತು ಅನ್ನಿಸಿತು.

"ಯಾರದರ ಆಗಲಿ," ಅಂದ. ದನಿ ಹೊರಡಲಿಲ್ಲ, ತುಟಿ ಅಷ್ಟೇ ಅಲುಗಿತು. "ಅವರು ಚಂದಾಗಿರಲಿ."

ಟಣ್ ಅಂತ ನಾಣ್ಯ ಕುಡಿಕೆಯಲ್ಲಿ ಬಿತ್ತು.

ಹಗೇವು ತಣ್ಣಗಾಯಿತು. ಸುಟ್ಟ ವಾಸನೆ ಹೋಗಿ ಬರಿಯ ಮಣ್ಣಿನ ವಾಸನೆ ಉಳಿಯಿತು. ಅವನು ಗೋಡೆಗೆ ಒರಗಿ ತುಂಬ ಹೊತ್ತು ಉಸಿರು ಬಿಟ್ಟ. ಆ ಉಸಿರು ತಿರುಗಿ ಬರಲಿಲ್ಲ.

ಆಗ ಮೇಲಿನ ಬೆಳಕಿಗೆ ಯಾರದೋ ತಲೆ ಅಡ್ಡ ಬಂತು.

"ಡಾಕ್ಟರ್ ಸಾಹೇಬ್ರ, ಕೆಳಗ ಅದೀರೇನ್ರಿ? ನಾ ಇಮಾಮುದ್ದೀನ. ತಡೀರಿ, ನಾ ಇಳೀತೀನಿ."

ಇಮಾಮುದ್ದೀನ.

ಅವನು ಯಾಕೆ ಬಂದ? ಅವನಿಗೆ ಯಾರು ಹೇಳಿದರು? ಅವನ ರೂಪಾಯಿ ಕರಗಿದೆ. ಅವನಿಗೆ ಇನ್ನೊಂದು ಬೇಕು. ಯಾರದಾದರೂ ಆಗಲಿ ಅಂದಾಯಿತು. ಇವನದೇ ಆಗುತ್ತದೆ. ಮತ್ತೆ ಹುಬ್ಬಳ್ಳಿ. ಮತ್ತೆ ಅವನ ಅಂಗೈ. ಮತ್ತೆ ಎಲ್ಲರ ಬೆನ್ನು ನನ್ನ ಕಡೆಗೆ.

ಹಗ್ಗ ಅಲುಗಿತು. ಕಾಲು ಕಂಡವು. ಹೊಟ್ಟೆಯಲ್ಲಿ ಕಿಡಿ. ಗಂಟಲಲ್ಲಿ ಹುಳಿ. ಬೇಡ, ಅಂದಿತು ಒಂದು ಮನಸ್ಸು. ಕೈ ಕೇಳಲಿಲ್ಲ. ಕೈ ಕುಡಿಕೆಗೆ ಹೋಯಿತು. ಸೂಜಿ ಚುಚ್ಚಿದವು. ಕೂದಲು ಬೆರಳಿಗೆ ಸುತ್ತಿತು. ಸಿಕ್ಕಿತು. ಮುಷ್ಟಿ ಬಿಗಿಯಿತು. ಕಂದೀಲು ಒಮ್ಮೆ ನೀಲಿಯಾಗಿ ಆರಿತು. ಕತ್ತಲು. ಉಸಿರು ಎಳೆದ. ಗಾಳಿ ಇಲ್ಲ. ಬಾಯಿ ತೆರೆದ. ಗಾಳಿ ಇಲ್ಲ. ಕಿವಿಯೊಳಗೆ ಅದೇ ಹೆಂಗಸಿನ ದನಿ. ಒಬ್ಬನ. ಒಬ್ಬನ. ನೀ ಒಬ್ಬನ. ಮಂಡಿ ಕುಸಿಯಿತು. ಕಂಕುಳ ಕೆಳಗೆ ಎರಡು ಕೈ ಬಂದವು. ಬಟ್ಟೆ ಸುತ್ತಿದ ಕೈಗಳು. ಅವು ಎತ್ತಿದವು.

ಕಟ್ಟೆಯ ಮೇಲೆ ಅವನಿಗೆ ಎಚ್ಚರವಾದಾಗ ಇಮಾಮುದ್ದೀನ ಪಕ್ಕದಲ್ಲಿ ಕೂತು ಏದುಸಿರು ಬಿಡುತ್ತಿದ್ದ. ಕೈಗೆ ಸುತ್ತಿದ ಪಟ್ಟಿಗಳು ರಕ್ತದಲ್ಲಿ ತೊಯ್ದಿದ್ದವು.

"ಹಗೇವಿನಾಗ ಒಬ್ಬರ ಇಳೀತಾರೇನ್ರಿ?" ಅಂದ. "ಗುಡದಪ್ಪ ಸಂಶಿಗೆ ಬಂದು ಹೇಳಿದ. ಕೆಟ್ಟ ಗಾಳಿ ಹೊಡದು ಎಷ್ಟು ಮಂದಿ ಹೋಗ್ಯಾರ. ನಿಮಗೇನರ ಆದ್ರ ಮನ್ಯಾಗಿನ ಅಕ್ಕಾರಿಗೆ ಯಾರು ದಿಕ್ಕು?"

ಅವನು ರೂಪಾಯಿಯ ಹೆಸರೆತ್ತಲಿಲ್ಲ. ಮಲ್ಲಕ್ಕ ಮಾತ್ರ ಅಂದಾನೆಪ್ಪನ ಬಿಗಿದ ಮುಷ್ಟಿಯನ್ನು ನೋಡಿದಳು. ನೋಡಿ, ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಹಿಂದೆ ಸರಿದಳು.

ಸಂಶಿಗೆ ಬರುವಷ್ಟರಲ್ಲಿ ದೀಪ ಹಚ್ಚಿದ್ದರು. ರಾಜಮಾಬಿ ಹೊಸ್ತಿಲ ಮೇಲೆ ಕೂತಿದ್ದಳು. ಇವರನ್ನು ಕಂಡು ಏಳಲಿಲ್ಲ.

"ಹೊತ್ತು ಇಳಿಯೂ ಮುಂದ ಜ್ವರಾ ಪೂರಾ ಬಿಟ್ಟಿತ್ರಿ," ಅಂದಳು. "ಮೈ ಅಗದಿ ತಣ್ಣಗ. ಎದ್ದು ಕುಂತ್ರು. ನೀರು ಕುಡದ್ರು. ಸಾಹೇಬ್ರು ಉಂಡಾರೋ ಇಲ್ಲೋ ಅಂತ ಕೇಳಿದ್ರು. ರೊಟ್ಟಿ ಬಡೀತೀನಿ, ಹಿಟ್ಟು ಕೊಡ್ರಿ ಅಂದ್ರು. ನಾ ನಗಕೋತ ಹಿಟ್ಟು ತರಾಕ ಒಳಗ ಹೋದೆ. ಒಮ್ಮಿಗೆಲೆ ಚೀರಿದ್ರು. ಬರೂದ್ರಾಗ..." ಅವಳು ಅಂಗೈ ತಿರುಗಿಸಿ ತೋರಿಸಿದಳು. ಸುಶೀಲವ್ವನನ್ನು ಹಿಡಿದುಕೊಳ್ಳಲು ಹೋದ ಬೆರಳುಗಳಲ್ಲಿ ಬೊಬ್ಬೆ ಎದ್ದಿದ್ದವು.

ಮರುದಿನ ಮಧ್ಯಾಹ್ನ ಸುಶೀಲವ್ವನನ್ನು ಮಣ್ಣು ಮಾಡಿದರು. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿ, ಡಾಕ್ಟರ ಭುಜ ಮುಟ್ಟಿ ಹೋದರು. ಅವನ ಕಡೆಯವರು ಅಂತ ಒಬ್ಬರೂ ಇರಲಿಲ್ಲ. ಕೊನೆಗೆ ಇಮಾಮುದ್ದೀನ ಬಂದು ಪಟ್ಟಿ ಸುತ್ತಿದ ಕೈಗಳಿಂದಲೇ ಅವನನ್ನು ಅಪ್ಪಿಕೊಂಡ.

"ನೀವು ಒಬ್ಬರ ಅದೀರಿ ಅಂತ ತಿಳೀಬ್ಯಾಡ್ರಿ," ಅಂದ. "ನಾವು ಅದೀವಿ. ರಾತ್ರಿ ಊಟ ನಮ್ಮ ಮನ್ಯಾಗ."

ಅಂದಾನೆಪ್ಪ ತಲೆಯಾಡಿಸಿದ. ಇಮಾಮುದ್ದೀನ ತಿರುಗಿ ಹೊರಟ. ಹೊಲದ ಬದುವಿನ ಹತ್ತಿರ ಬೇವಿನ ನೆರಳಲ್ಲಿ ಕಾಯುತ್ತಿದ್ದ ರಾಜಮಾಬಿ ಅವನ ಜೊತೆಯಾದಳು. ಗಂಡನ ಸಡಿಲಾದ ಪಟ್ಟಿಯನ್ನು ನಡೆಯುತ್ತಲೇ ಬಿಗಿ ಮಾಡಿದಳು. ಅವನು ಏನೋ ಅಂದ. ಅವಳು ಅವನ ಕುತ್ತಿಗೆಯ ಬೆವರನ್ನು ಸೆರಗಿನಿಂದ ಒರೆಸಿದಳು. ಇಬ್ಬರೂ ಕರಿನೆಲದ ದಾರಿಯಲ್ಲಿ ಒಬ್ಬರಿಗೊಬ್ಬರು ಆತು ನಿಧಾನವಾಗಿ ಊರ ಕಡೆ ನಡೆದರು.

ಅಂದಾನೆಪ್ಪ ನೋಡುತ್ತ ನಿಂತ. ಇವನಿಗೆ ಕೈ ಸುಟ್ಟರೂ ಪಟ್ಟಿ ಕಟ್ಟುವವಳಿದ್ದಾಳೆ. ಇವನಿಗೆ ಗೋದಾಮು ಹೋದರೂ ಮನೆಯಲ್ಲಿ ದೀಪ ಹಚ್ಚುವವಳಿದ್ದಾಳೆ. ಎದೆಗುಂಡಿಗೆಯ ಕೆಳಗೆ ಹುಳಿ ಉಕ್ಕಿತು. ಅವನು ಕಣ್ಣು ಮುಚ್ಚಲು ನೋಡಿದ. ಮುಖ ತಿರುಗಿಸಲು ನೋಡಿದ. ಆಗಲಿಲ್ಲ. ರೂಪಾಯಿ ಇಟ್ಟಿದ್ದ ಅಂಗಿಯ ಕಿಸೆಯ ಅರಿವೆ ಎದೆಯ ಮೇಲೆ ಬಿಸಿಯಾಗತೊಡಗಿತು.

ದಾರಿಯ ತಿರುವಿನಲ್ಲಿ ರಾಜಮಾಬಿ ನಿಂತಳು. ಗಂಡನ ಹೆಗಲು ಹಿಡಿದುಕೊಂಡು, ಇನ್ನೊಂದು ಕೈಯನ್ನು ತನ್ನ ಹಣೆಯ ಮೇಲೆ ಇಟ್ಟು ನೋಡಿಕೊಂಡಳು.